ದೋಸೆ, ಇಂಬಳ, ಗಡಿಯಾರ

ಕೊಪ್ಪದಲ್ಲಿ ಮಗುವನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ ಅಪ್ಪ ಅಮ್ಮಂದಿರಿಗೆ ಬೇಕಾದದ್ದು ಇಷ್ಟೇ: ನೆಂಟರು ಬಂದಾಗ ಮಗು ಕೈಕಟ್ಟಿ ನಿಂತು ಎ ಬಿ ಸಿ ಡಿ ಒಪ್ಪಿಸಬೇಕು. ನೆಂಟರು "ಅಬ್ಬಬ್ಬಾ" ಅನ್ನಬೇಕು. ಆಮೇಲೆ ಕಾಫಿ ಬರಬೇಕು. ಆ ಮಗುವಿಗೆ ಓದಲು ಬರುತ್ತದೆಯೇ ಎಂದು ಕೇಳಿದ ನೆಂಟರನ್ನು ನಾನಂತೂ ಕಂಡಿಲ್ಲ.

ನನ್ನ ಹೆಸರು ನಯನ. ಊರು ಶೃಂಗೇರಿ ಹತ್ತಿರದ ಮೆಣಸೆ. ಎರಡು ಸಾವಿರದ ಆರನೇ ಇಸವಿಯಲ್ಲಿ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಏರಿನಲ್ಲಿದ್ದ ಮಂಜಯ್ಯನವರ ನರ್ಸರಿ ಶಾಲೆಯಲ್ಲಿ ಎಲ್‌ಕೆಜಿ ಟೀಚರಾಗಿದ್ದೆ. ಮಂಜಯ್ಯನವರು ಶಾಲೆ ತೆರೆಯುವ ಮೊದಲು ಬಸ್ ಏಜೆಂಟರಾಗಿದ್ದವರು. ಶಾಲೆಯನ್ನೂ ಹಾಗೇ ನಡೆಸುತ್ತಿದ್ದರು. ಬೆಳಿಗ್ಗೆ ಬಾಗಿಲಲ್ಲಿ ನಿಂತು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಮಕ್ಕಳನ್ನು ಒಳಗೆ ತುಂಬುವರು. ಸೀಟು ಖಾಲಿ ಇರಬಾರದು, ಅದೇ ಅವರ ಶಿಕ್ಷಣ ನೀತಿ. ಮನುಷ್ಯ ಕೆಟ್ಟವರಲ್ಲ. ಆದರೆ ಅವರ ಜೊತೆ ಮಾತಾಡುವಾಗ ಎಲ್ಲಿ ಇಳಿಯಬೇಕು ಎಂದು ಕೇಳಿಬಿಡುತ್ತಾರೇನೋ ಎಂಬ ಭಯ ನನಗೆ ಯಾವಾಗಲೂ ಇತ್ತು.

ಆ ವರ್ಷ ಬೇಸಿಗೆ ರಜೆಯಲ್ಲಿ ನಾನು ಶಿವಮೊಗ್ಗಕ್ಕೆ ಹೋಗಿ ಒಂದು ತರಬೇತಿ ಮುಗಿಸಿ ಬಂದೆ. ಅಲ್ಲಿ ಹೇಳಿಕೊಟ್ಟದ್ದು ಸರಳ ವಿಷಯ. ಇಂಗ್ಲಿಷಿನ ಅಕ್ಷರಕ್ಕೆ ಹೆಸರು ಬೇರೆ, ದನಿ ಬೇರೆ. 'ಎಸ್' ಎಂಬುದು ಹೆಸರು, 'ಸ್ಸ್' ಎಂಬುದು ದನಿ. ಮಗು ಓದುವುದು ದನಿಯಿಂದ. ಇಪ್ಪತ್ತಾರು ಹೆಸರುಗಳನ್ನು ಇನ್ನೂರು ಸಲ ಕೂಗಿಸಿದರೂ ಅದರಿಂದ ಒಂದು ಪದ ಹುಟ್ಟುವುದಿಲ್ಲ. ಮೊದಲು ದನಿ ಕಲಿಸಿ, ಒಂದೊಂದು ದನಿಗೆ ಒಂದೊಂದು ಅಭಿನಯ ಕೊಡಿ, ಆಮೇಲೆ ದನಿಗಳನ್ನು ಒಂದಕ್ಕೊಂದು ಕೂಡಿಸಿ ಎಂದರು. ನನಗೆ ತಲೆಯೊಳಗೆ ಕಿಟಕಿ ತೆರೆದ ಹಾಗಾಯಿತು. ಇಷ್ಟು ವರ್ಷ ಈ ಮಕ್ಕಳಿಂದ ಸುಮ್ಮನೆ ಭಜನೆ ಮಾಡಿಸುತ್ತಿದ್ದೆನಲ್ಲ ಎಂದು ಸಿಟ್ಟೂ ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಬೇರೆ ಮಾತು.

ತರಬೇತಿಯ ಪುಸ್ತಕದಲ್ಲಿ 'ಸ್ಸ್' ದನಿಗೆ ಹಾವಿನ ಚಿತ್ರವಿತ್ತು. ಅಕ್ಷರವೂ ಹಾಗೇ ಬಳುಕಿಕೊಂಡಿದೆ, ಸದ್ದೂ ಅದೇ. ಆದರೆ ನಾನು ಮಲೆನಾಡಿನವಳು. ನಮ್ಮ ಕಡೆ ಮುಸ್ಸಂಜೆಯಲ್ಲಿ ಹಾವು ಎಂಬ ಶಬ್ದವನ್ನೇ ಬಾಯಿಗೆ ತರುವುದಿಲ್ಲ, 'ಹುಳ' ಎನ್ನುತ್ತಾರೆ. ಮಕ್ಕಳು ಮನೆಗೆ ಹೋಗಿ ಹಾವಿನ ಆಟ ಆಡಿದರೆ ಅಜ್ಜಿಯಂದಿರು ನನ್ನನ್ನು ಬಿಡುತ್ತಾರೆಯೇ? ಹಾಗಾಗಿ ಬಹಳ ಜಾಣತನದಿಂದ ಹಾವನ್ನು ತೆಗೆದು ದೋಸೆ ಹಾಕಿದೆ. ಕಾದ ಕಾವಲಿಯ ಮೇಲೆ ಹಿಟ್ಟು ಹೊಯ್ದರೆ 'ಸ್ಸ್ಸ್'. ಕೈ ಮುಂದೆ ಚಾಚಿ, ಅಂಗೈ ಬಿಡಿಸಿ, ಹಿಟ್ಟು ಹರಡಿದ ಹಾಗೆ ಗುಂಡಗೆ ತಿರುಗಿಸಬೇಕು.

ಉಳಿದವೂ ಹಾಗೇ ನಮ್ಮ ಮನೆಯ ಸದ್ದುಗಳೇ. 'ಟ್ ಟ್' ಎಂದರೆ ಗೋಡೆ ಗಡಿಯಾರ, ಬೆರಳು ಆಚೆ ಈಚೆ ಆಡಬೇಕು. 'ನ್ನ್ನ್' ಎಂದರೆ ಕಿವಿಯ ಹತ್ತಿರ ಬಂದ ಸೊಳ್ಳೆ. 'ಹ್ ಹ್' ಎಂದರೆ ನಮ್ಮ ಶಾಲೆಯ ಏರು ಹತ್ತಿ ಬಂದವರ ಏದುಸಿರು. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಇ'. ಕಾಲಿಗೆ ಇಂಬಳ ಹತ್ತಿದ್ದು ಕಂಡರೆ ಯಾರಾದರೂ 'ಇ!' ಎಂದು ಹಾರಿಬೀಳುತ್ತಾರೆ, ಹಾಗೆ ಹಾರಬೇಕು. ಇಡೀ ತರಗತಿ ಒಟ್ಟಿಗೆ ರಕ್ತ ಹೀರುವ ಹುಳಕ್ಕೆ ಹೆದರಿ ಹಾರುವಾಗ ಕೆಳಗಿನ ಅಂಗಡಿಯವರು ಮೇಲೆ ನೋಡಿ ಬೈಯುತ್ತಿದ್ದರು.

ಹಾರದವನು ಒಬ್ಬನೇ, ದೀಪು. ಹಿರೇಕೊಡಿಗೆಯ ಹುಡುಗ. ಅಪ್ಪ ಅಮ್ಮ ಇಬ್ಬರಿಗೂ ನರಸಿಂಹರಾಜಪುರದಲ್ಲಿ ಕೆಲಸ, ಭಾನುವಾರ ಬಂದು ಹೋಗುತ್ತಿದ್ದರು. ಹುಡುಗ ಬೆಳೆಯುತ್ತಿದ್ದದ್ದು ಅಜ್ಜ ನಾಗಪ್ಪ, ಅಜ್ಜಿ ವನಜಮ್ಮನ ಹತ್ತಿರ. ಮನೆಯಲ್ಲಿ ಅವನ ಬಾಯಿ ಮುಚ್ಚಿಸುವುದೇ ಕಷ್ಟವಂತೆ. ಶಾಲೆಗೆ ಬಂದರೆ ಮಾತ್ರ ಬೀಗ. ಜೂನ್‌ನಲ್ಲಿ ಸೇರಿದವನು ಜುಲೈ ಕಳೆದರೂ ಒಂದು ಶಬ್ದ ಆಡಿರಲಿಲ್ಲ. ಹೆಸರು ಕೂಗಿದರೆ ಕೈ ಎತ್ತುವನು. ಒಂದಕ್ಕೆ ಬಂದರೆ ಬಾಗಿಲು ತೋರಿಸುವನು. ನಾನು ಮುದ್ದು ಮಾಡಿದೆ, ಗದರಿದೆ, ಪೆಪ್ಪರ್‌ಮಿಂಟ್ ಕೊಟ್ಟೆ. ಪೆಪ್ಪರ್‌ಮಿಂಟ್ ತಿಂದ, ಅಷ್ಟೇ.

ಆಗಸ್ಟಿನ ಒಂದು ಬೆಳಿಗ್ಗೆ ನಾನು ಬೋರ್ಡಿನ ಮೇಲೆ ಎಸ್ ಬರೆದು ಬೇರೆ ಮಕ್ಕಳ ಕಡೆ ತಿರುಗಿದ್ದೆ. ಹಿಂದಿನಿಂದ ಸಣ್ಣಗೆ "ಸ್ಸ್ಸ್" ಕೇಳಿಸಿತು. ತಿರುಗಿದರೆ ದೀಪು ಕೈ ಚಾಚಿ ದೋಸೆ ಹೊಯ್ಯುತ್ತಿದ್ದಾನೆ. ನಾನು ನೋಡಿದ ಕೂಡಲೇ ಕೈ ಬೆನ್ನ ಹಿಂದೆ ಹೋಯಿತು. ಆದರೆ ಕೇಳಿದ್ದು ಕೇಳಿಯಾಗಿತ್ತು. ಆ ದಿನ ನಾನು ಏರು ಇಳಿದು ಮನೆಗೆ ಹೋಗುವಾಗ ಒಬ್ಬಳೇ ನಗುತ್ತಿದ್ದೆ. ಆಮೇಲಿನ ವಾರಗಳಲ್ಲಿ ಗಡಿಯಾರ ಬಂತು, ಸೊಳ್ಳೆ ಬಂತು. ಎಲ್ಲ ನನ್ನ ಬೆನ್ನ ಹಿಂದೆ. ಅವನು ನನ್ನ ಮುಖ ನೋಡಿ ಒಂದು ಮಾತು ಆಡಬೇಕು ಎಂಬುದು ನನಗೆ ಹಟವಾಗಿ ಹೋಯಿತು.

ಅಷ್ಟರಲ್ಲಿ ಮಂಜಯ್ಯನವರ ಹತ್ತಿರ ದೂರುಗಳು ಬರತೊಡಗಿದವು. ಪೇಟೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿದ್ದ ಅರುಣ ಎಂಬವರು ಮಗಳು ಚೈತ್ರಳನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ಮಗು ಕೂತಲ್ಲಿ ನಿಂತಲ್ಲಿ ಏದುಸಿರು ಬಿಡುತ್ತದೆ, ಉಬ್ಬಸವಿರಬಹುದು ಎಂದು. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ನೋಡಿ ಸಿರಪ್ ಬರೆದುಕೊಟ್ಟರು. ಮಗು ಆ ಸಿರಪ್ಪಿನ ಬಾಟಲಿಯ ಮೇಲಿದ್ದ ಎಚ್ ಅಕ್ಷರ ನೋಡಿ ಮತ್ತೆ 'ಹ್ ಹ್' ಎಂದಿತಂತೆ. ಮಕ್ಕಳನ್ನು ಜೀಪಿನಲ್ಲಿ ಕರೆತರುತ್ತಿದ್ದ ಯಾಕೂಬಣ್ಣನದು ಇನ್ನೊಂದು ಕತೆ. ಅವನ ಮಗಳು ಗೌಸಿಯಾ ನನ್ನ ತರಗತಿಯ ಬಾಯಿಬಡುಕಿ.

"ರಾತ್ರಿ ಇಡೀ ಕಿವಿ ಹತ್ರ ಸೊಳ್ಳೆ, ಟೀಚ್ರೇ" ಎಂದ. "ಎದ್ದು ಬತ್ತಿ ಹಚ್ಚಿದೆ, ಮಂಚದ ಕೆಳಗೆಲ್ಲ ಹುಡುಕ್ದೆ. ಕೊನೆಗೆ ನೋಡಿದ್ರೆ ನಮ್ ಗೌಸಿಯಾ ಮಾರಾಯ್ರೆ! ಕಂಬಳಿ ಒಳಗೆ ಪಾಠ ಓದ್ತಾ ಇದಾಳೆ!"

ಯಾಕೂಬಣ್ಣ ನಕ್ಕ. ಉಳಿದವರು ನಗಲಿಲ್ಲ. ಮಂಜಯ್ಯನವರು ನನ್ನನ್ನು ಆಫೀಸಿಗೆ ಕರೆಸಿದರು.

"ನೋಡಿ ನಯನ, ಜನ ಎ ಬಿ ಸಿ ಡಿ ಕೇಳ್ತಾರೆ. ನೀವು ಬುಸ್, ಟುಸ್ ಕಲಿಸ್ತೀರಿ. ಶನಿವಾರ ಪೇರೆಂಟ್ಸ್ ಮೀಟಿಂಗ್ ಇಟ್ಟಿದೀನಿ. ಅವರು ಒಪ್ಪಿದ್ರೆ ಮುಂದಕ್ಕೆ ಹೋಗಲಿ. ಇಲ್ಲಾಂದ್ರೆ ಸೋಮವಾರದಿಂದ ಎ ಫಾರ್ ಆಪಲ್. ಅದು ಆಗಲ್ಲ ಅಂದ್ರೆ ನೀವು ಬೇರೆ ಬಸ್ಸು ನೋಡ್ಕೊಳ್ಳಿ."

"ಮುಂದಿನ ವಾರ ದನಿ ಕೂಡಿಸೋದು ಶುರು ಮಾಡ್ತೀನಿ ಸಾರ್. ಆಮೇಲೆ ಓದ್ತಾರೆ."

"ಶನಿವಾರ ಈ ವಾರಾನೇ ಬರ್ತದಲ್ಲ" ಎಂದರು.

ಮರುದಿನ ಜೀಪಿನಿಂದ ದೀಪು ಇಳಿಯಲಿಲ್ಲ. ಯಾಕೂಬಣ್ಣ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

"ಅವನು ಇನ್ನು ಬರಲ್ಲಂತೆ ಟೀಚ್ರೇ. ನಾಗನ ಬಾಧೆ ಅಂತೆ. ದೀಪ ಹಚ್ಚೋ ಹೊತ್ತಿಗೆ ಒಂದು ಮೂಲೆ ನೋಡ್ಕೊಂಡು, ಕೈ ಹೆಡೆ ಎತ್ತಿ, ಬುಸ್ ಅಂತಾನಂತೆ. ನಾಳೆ ಸಂಜೆ ನಾಗನಿಗೆ ಆಶ್ಲೇಷ ಬಲಿ ಪೂಜೆ ಇಟ್ಕೊಂಡಿದಾರೆ. ಅದಾದ ಮೇಲೂ ಈ ವರ್ಷ ಮನೇಲೇ ಇರ್ಲಿ ಅಂತ ಅಜ್ಜಿ ಹೇಳಿದ್ರು."

ನನಗೆ ಮೊದಲು ನಗು ಬಂತು, ಹಿಂದೆಯೇ ಹೆದರಿಕೆಯಾಯಿತು. ಕೆಲಸ ಹೋದರೆ ಮೆಣಸೆಗೆ ಹೋಗಿ ಅಮ್ಮನ ಕೈಯಲ್ಲಿ ಬೈಸಿಕೊಂಡು ಕೂರಬಹುದಿತ್ತು. ಆದರೆ ಬೀಗ ಈಗಷ್ಟೇ ಸಡಿಲಾಗಿದ್ದ ಹುಡುಗನನ್ನು ಒಂದು ವರ್ಷ ಮನೆಯಲ್ಲಿ ಕೂರಿಸಿದರೆ, ಅದೂ ಅವನ ಬಾಯಿಂದ ಬಂದ ಮೊದಲ ದನಿಯನ್ನೇ ದೋಷ ಎಂದು ಹೇಳಿ ಕೂರಿಸಿದರೆ, ಅವನು ಶಾಲೆಯಲ್ಲಿ ಮತ್ತೆ ಬಾಯಿ ತೆರೆಯುತ್ತಾನೆಯೇ? ಮರುದಿನ ಮಕ್ಕಳನ್ನು ಬಿಡಲು ಹೊರಟ ಜೀಪಿನಲ್ಲಿ ಗೌಸಿಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೂ ಹತ್ತಿದೆ.

ನಾಗಪ್ಪನವರ ಮನೆಯ ಅಂಗಳ ದೊಡ್ಡದು. ಹೋದ ಬೇಸಿಗೆಯಲ್ಲಿ ಜೆಸಿಬಿ ತಂದು ಇನ್ನಷ್ಟು ಅಗಲ ಮಾಡಿಸಿದ್ದರು. ಆಗ ಅಂಚಿನಲ್ಲಿದ್ದ ಒಂದು ಹಳೇ ಹುತ್ತ ಅಂಗಳದ ಪಾಲಾಯಿತು. ಯಾರೂ ಏನೂ ಅಂದಿರಲಿಲ್ಲ. ನಾಗಪ್ಪನವರೂ ಅಂದಿರಲಿಲ್ಲ. ಆದರೆ ಅಂದಿನಿಂದ ಮೂಲೆಯಲ್ಲಿ ಹಗ್ಗ ಬಿದ್ದಿದ್ದರೂ ಸುತ್ತು ಬಳಸಿ ಹೋಗುತ್ತಿದ್ದರಂತೆ. ಮೊಮ್ಮಗ ಕೈ ಹೆಡೆ ಎತ್ತಿದ ದಿನ ಅವರೇ ಮೊದಲು ಜೋಯಿಸರ ಮನೆಗೆ ಓಡಿದ್ದು. ಇದನ್ನೆಲ್ಲ ನನಗೆ ದಾರಿಯಲ್ಲಿ ಹೇಳಿದವನು ಯಾಕೂಬಣ್ಣ. ಜೀಪು ಓಡಿಸುವವರಿಗೆ ತಿಳಿಯದ ಮನೆಸುದ್ದಿ ಇಲ್ಲ.

ವನಜಮ್ಮ ನನ್ನನ್ನು ಕಂಡು ಸೆರಗು ಸಿಕ್ಕಿಸಿಕೊಂಡೇ ಬಂದರು.

"ಬಂದ್ರ? ಬನ್ನಿ. ಎಂತ ಮಾಡಿದ್ರಿ ನನ್ನ ಮೊಮ್ಮಗನಿಗೆ? ಚಂದಾಗಿದ್ದ ಹುಡ್ಗ ಮಾರಾಯ್ತಿ! ಶಾಲೇಲಿ ಹುಳಗಿಳ ತೋರ್ಸಿ ಹೆದರ್ಸಿದ್ರ?"

"ಇಲ್ಲಮ್ಮ, ನಾನು ಕಲ್ಸಿದ್ದು ದೋಸೆ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಾಧೆ ಮೊಮ್ಮಗನಿಗೆ ಮಾತ್ರವಲ್ಲ, ಟೀಚರಿಗೂ ಇದೆ ಎಂದು ಆಗಲೇ ತೀರ್ಮಾನಿಸಿರಬೇಕು.

ಜಗಲಿಯಲ್ಲಿ ವೆಂಕಟಯ್ಯ ಜೋಯಿಸರು ಬಣ್ಣದ ಪುಡಿಗಳಿಂದ ಮಂಡಲ ಬರೆಯುತ್ತಿದ್ದರು. ಎದುರಿಗೆ ಮಣೆಯ ಮೇಲೆ ಅಜ್ಜನ ತೊಡೆಗೆ ಒರಗಿ ದೀಪು ಕೂತಿದ್ದ, ಸೊಂಟಕ್ಕೆ ಹೊಸ ಪಂಚೆ, ಹಣೆ ತುಂಬ ಕುಂಕುಮ. ನನ್ನನ್ನು ಕಂಡು ಕಣ್ಣರಳಿಸಿದ, ಬಾಯಿ ಮುಚ್ಚಿಕೊಂಡ. ಎಳನೀರು, ಅಡಿಕೆಯ ಹಿಂಗಾರ, ಹಾಲು ಎಲ್ಲ ಸಿದ್ಧವಾಗಿತ್ತು. ಹತ್ತಾರು ಜನ ನೆಂಟರು ಗೋಡೆಗೆ ಒರಗಿ ನಿಂತಿದ್ದರು. ಜೋಯಿಸರ ಕೈ ಬಹಳ ನಯ. ಬಿಳಿ ಪುಡಿ ಬೆರಳ ಸಂದಿಯಿಂದ ಜಾರುತ್ತ ಒಂದು ಬಳುಕು ಈ ಕಡೆ ಹೋಯಿತು, ಇನ್ನೊಂದು ಬಳುಕು ಆ ಕಡೆ ಬಂತು. ಮೊದಲ ನಾಗ ಮುಗಿಯಿತು. ನೆಲದ ಮೇಲೆ ಚಂದದ, ದೊಡ್ಡ, ಕೊಂಚ ದಪ್ಪ ಹೊಟ್ಟೆಯ ಎಸ್.

ದೀಪು ಮಣೆಯ ಮೇಲೆ ನೆಟ್ಟಗೆ ಕೂತ. ಕೈ ಮುಂದೆ ಬಂತು. ಅಂಗೈ ಬಿಚ್ಚಿಕೊಂಡಿತು. "ಸ್ಸ್ಸ್ಸ್" ಎಂದು ಇಡೀ ಜಗಲಿಗೆ ಕೇಳುವ ಹಾಗೆ ದೋಸೆ ಹೊಯ್ದ.

ಗೋಡೆಗೆ ಒರಗಿದ್ದವರೆಲ್ಲ ಒಂದೇ ಸಲಕ್ಕೆ ಅಡ್ಡಬಿದ್ದರು. ನಾಗಪ್ಪನವರು ಮೊಮ್ಮಗನಿಗೇ ಕೈಮುಗಿದರು. ಒಬ್ಬರು ನೆಂಟರು "ಬಂತು, ಬಂತು" ಎಂದರು. ಜೋಯಿಸರ ಕೈಯಿಂದ ಪುಡಿ ಚೆಲ್ಲಿ ಎರಡನೇ ನಾಗನಿಗೆ ಬಾಲವೇ ಇಲ್ಲದಾಯಿತು.

ನಾನು ನಕ್ಕುಬಿಟ್ಟೆ. ತಡೆಯಲು ಆಗಲಿಲ್ಲ. ಬಿದ್ದವರೆಲ್ಲ ಮಲಗಿದಲ್ಲಿಂದಲೇ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ನನ್ನನ್ನು ಆ ಗಳಿಗೆಯಲ್ಲೇ ಅಂಗಳಕ್ಕೆ ಎಸೆಯುವಷ್ಟು ಸಿಟ್ಟಿತ್ತು.

"ಓದ್ತಾ ಇದಾನೆ!" ಎಂದು ಕೂಗಿದೆ. "ಜೋಯಿಸರು ಬರ್ದಿದ್ದನ್ನ ಓದ್ತಾ ಇದಾನೆ!"

ಯಾರಿಗೂ ಏನೂ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ತಾಳ್ಮೆಯೂ ನನಗಿರಲಿಲ್ಲ. ಟೀಚರ ಚೀಲದಲ್ಲಿ ಸೀಮೆಸುಣ್ಣ ಇದ್ದೇ ಇರುತ್ತದೆ. ಜಗಲಿಯ ಇನ್ನೊಂದು ತುದಿಗೆ ಹೋಗಿ ಕೆಂಪು ಸಿಮೆಂಟಿನ ಮೇಲೆ ದೊಡ್ಡದಾಗಿ ಟಿ ಬರೆದೆ. ದೀಪುವನ್ನು ಕರೆದು ನಾನೇ ಬೆನ್ನು ತಿರುಗಿಸಿ ನಿಂತೆ. ನನ್ನ ಮುಖ ಕಂಡರೆ ಅವನು ಬಾಯಿ ತೆರೆಯುವುದಿಲ್ಲ ಎಂದು ಗೊತ್ತಿತ್ತಲ್ಲ. ಬೆನ್ನ ಹಿಂದೆ "ಟ್ ಟ್" ಕೇಳಿತು. ಎನ್ ಬರೆದು ತಿರುಗಿದೆ. "ನ್ನ್ನ್" ಬಂತು. ಅಡ್ಡಬಿದ್ದಿದ್ದವರಲ್ಲಿ ಒಬ್ಬರು ಅಭ್ಯಾಸಬಲದಿಂದ ಕಿವಿಯ ಹತ್ತಿರ ಚಟ್ಟನೆ ಹೊಡೆದುಕೊಂಡರು. ಐ ಬರೆದೆ. "ಇ!" ಎಂದು ಪಂಚೆ ಎತ್ತಿಕೊಂಡು ಹಾರಿದ ಸದ್ದಿಗೆ ನಾಗಪ್ಪನವರು ಹೌಹಾರಿ ತಮ್ಮ ಕಾಲು ನೋಡಿಕೊಂಡರು. ಕೊನೆಗೆ ಎಸ್ ಬರೆದೆ. ಮತ್ತೆ ದೋಸೆ.

ಆಮೇಲೆ ವನಜಮ್ಮ ಎದ್ದರು. ಮೊಮ್ಮಗನ ಕೈ ಹಿಡಿದು ಅವನು ದಿನಾ ನಿಲ್ಲುತ್ತಿದ್ದ ಮೂಲೆಗೆ ಕರೆದೊಯ್ದರು. ಅಲ್ಲಿ ಗೊಬ್ಬರದ ಖಾಲಿ ಚೀಲಗಳನ್ನು ಮಡಿಸಿ ಪೇರಿಸಿದ್ದರು. ಮೇಲಿನ ಚೀಲದ ಮೇಲೆ ಹಸಿರು ಬಣ್ಣದಲ್ಲಿ ಇಂಗ್ಲಿಷ್ ಅಕ್ಷರಗಳು, ಅದರಲ್ಲಿ ಮೊದಲನೆಯದು ಮೊಳ ಉದ್ದದ ಎಸ್.

"ಇದನ್ನ ನೋಡಿ ಬುಸ್ ಅಂದಿದ್ದಾ ಮಗ, ದಿನಾ?"

ದೀಪು ನನ್ನ ಕಡೆ ನೋಡಿದ. ಅಜ್ಜಿಯ ಕತ್ತು ಬಗ್ಗಿಸಿ ಕಿವಿಯಲ್ಲಿ ಏನೋ ಹೇಳಿದ.

"ದೋಸೆ ಅಂತೆ" ಎಂದರು ವನಜಮ್ಮ, ಯಾರನ್ನೂ ನೋಡದೆ. ಸೆರಗಿನಿಂದ ಅವನ ಹಣೆಯ ಕುಂಕುಮ ಒರೆಸತೊಡಗಿದರು.

"ಹಾಗಾದ್ರೆ ಹುಡುಗನಿಗೆ ದೋಷ ಇಲ್ಲ ಅಂತಾಯ್ತು" ಎಂದರು ಜೋಯಿಸರು. ಒಳ್ಳೆಯ ಮನುಷ್ಯ, ಮುಖ ಸಣ್ಣದು ಮಾಡಲಿಲ್ಲ. "ಮಂಡಲ ಎಂತ ಮಾಡೋದು ನಾಗಪ್ಪ? ಅಳಿಸೋದಾ?"

ನಾಗಪ್ಪನವರು ಅಗಲವಾದ ಅಂಗಳದ ಕಡೆ ನೋಡಿದರು. "ಬೇಡ, ನಡೀಲಿ. ಹುಡ್ಗ ಓದಿದ್ದು ಹೌದು, ಒಪ್ಪಿದೆ. ಆದ್ರೆ ಹುತ್ತ ತೆಗ್ಸಿದ್ದು ನಾನೇ ಅಲ್ವ? ನಂಗೊಂದು ಸಮಾಧಾನ ಆಗ್ಲಿ."

ಅದಕ್ಕೆ ಎದುರು ಹೇಳಲು ನನ್ನ ತರಬೇತಿಯಲ್ಲಿ ಏನೂ ಕಲಿಸಿರಲಿಲ್ಲ. ಪೂಜೆ ನಡೆಯಿತು. ಎರಡನೇ ನಾಗನಿಗೂ ಬಾಲ ಬಂತು. ನನಗೂ ಯಾಕೂಬಣ್ಣನಿಗೂ ಗೌಸಿಯಾಗೂ ಎಲೆ ಹಾಕಿ ಪಾಯಸ ಬಡಿಸಿದರು. ಹೊರಡುವಾಗ ನಾನು ಇಲ್ಲದ ಧೈರ್ಯ ತಂದುಕೊಂಡು ಕೇಳಿಯೇಬಿಟ್ಟೆ: "ನಾಳೆಯಿಂದ ಕಳಿಸ್ತೀರಲ್ಲಮ್ಮ?"

ವನಜಮ್ಮ ಬಾಗಿಲು ಹಿಡಿದು ನಿಂತರು. "ದೋಷ ಇಲ್ಲ ಅಂತಾಯ್ತು. ಆದ್ರೆ ಟೀಚ್ರೇ, ಇದು ಇಂಗ್ಲೀಷು ಅಂತ ಯಾರಿಗೆ ಗೊತ್ತು? ನನ್ನ ಮಗ ಓದಿದ್ದು ಎ ಬಿ ಸಿ ಡಿ. ಶನಿವಾರ ಮೀಟಿಂಗಿಗೆ ಬರ್ತೀವಿ. ನಾಕು ಜನ ಎಂತ ಹೇಳ್ತಾರೆ ನೋಡಿ ಆಮೇಲೆ."

ಶನಿವಾರ ನಾಲ್ಕು ಜನ ಅಲ್ಲ, ತರಗತಿ ತುಂಬ ಜನ ಬಂದರು. ಕೂರಲು ಇದ್ದದ್ದು ಮಕ್ಕಳ ಚಾಪೆಗಳು ಮತ್ತು ಮೊಣಕಾಲೆತ್ತರದ ಕುರ್ಚಿಗಳು. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ಬಂದವರು ಅದರಲ್ಲಿ ಕೂರುತ್ತಾರೆಯೇ? ಎಲ್ಲರೂ ನಿಂತೇ ಮಾತಾಡಿದರು. ನಿಂತವರ ದನಿ ಸಹಜವಾಗಿ ದೊಡ್ಡದಾಗುತ್ತದೆ. "ಕೂತ್ಕೊಳ್ಳಿ, ಎಲ್ಲ ಕೂತು ಮಾತಾಡೋಣ" ಎಂದು ಮಂಜಯ್ಯನವರು ಅಂಗಲಾಚಿದರು. ಬಸ್ಸಿನಲ್ಲಿ ಎಷ್ಟೋ ಜನರನ್ನು ಕೂರಿಸಿದ ಮನುಷ್ಯನ ಮಾತಿಗೆ ಅಂದು ಯಾರೂ ಬಗ್ಗಲಿಲ್ಲ.

ಅರುಣ ಮಗಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಎಸ್ ತೋರಿಸಿದರು. "ಇದೆಂತದು ಹೇಳು ಪುಟ್ಟಿ?"

"ಸ್ಸ್" ಎಂದಳು ಚೈತ್ರ.

"ನೋಡಿ! ಮೂರು ತಿಂಗಳಾಯ್ತು. ಅಕ್ಷರದ ಹೆಸ್ರು ಗೊತ್ತಿಲ್ಲ. ಇದು ಶಾಲೆಯಾ, ಎಂತದು?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ದನಿ ಬಂತು. ವನಜಮ್ಮ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು, ಕಂಕುಳಲ್ಲಿ ದೀಪು.

"ಅಲ್ಲ ಅರುಣಪ್ಪ, ನಮ್ಮನೆ ದನದ ಹೆಸ್ರು ಗಂಗೆ. ಅದು ಕೂಗೋದು ಗಂಗೆ ಗಂಗೆ ಅಂತನಾ? ಅಂಬಾ ಅಂತದೆ. ಹೆಸ್ರು ನಾವು ಇಟ್ಟಿದ್ದು, ಕೂಗು ಅದ್ರದ್ದು. ಇದೂ ಹಂಗೇ ಅಂತೆ. ಎರಡು ದಿನದಿಂದ ಈ ಹುಡ್ಗ ನನ್ನನ್ನ ಕೂರ್ಸಿ ಕಲ್ಸಿದಾನೆ." ಎಂದವರೇ ಕೈ ಚಾಚಿ, ಬಳೆ ಸದ್ದಾಗುವಂತೆ ಅಂಗೈ ತಿರುಗಿಸಿ "ಸ್ಸ್ಸ್" ಎಂದು ತೋರಿಸಿದರು. ಕೆಲವರು ನಕ್ಕರು. ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು.

ಆದರೆ ಅರುಣ ಸುಮ್ಮನಾಗುವವರಲ್ಲ. "ಸರಿ ಅಮ್ಮ, ಕೂಗ್ಲಿ. ಎಲ್ಲಾ ಕೂಗ್ಲಿ. ಓದೋದು ಯಾವಾಗ?"

ಅದು ನ್ಯಾಯವಾದ ಪ್ರಶ್ನೆ. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ಎಲ್ಲರೂ ಮತ್ತೆ ಒಟ್ಟಿಗೆ ಮಾತಾಡತೊಡಗಿದರು. ವನಜಮ್ಮನೂ ಸಪ್ಪಗಾದರು. ಮಂಜಯ್ಯನವರು ಗಡಿಯಾರ ನೋಡಿಕೊಂಡರು. ದನಿ ಕೂಡಿಸುವುದನ್ನು ನಾನು ಇನ್ನೂ ಕಲಿಸಿರಲಿಲ್ಲ. ಆದರೂ ತಿರುಗಿ ಸೀಮೆಸುಣ್ಣ ತೆಗೆದುಕೊಂಡೆ. ಆ ಗದ್ದಲದಲ್ಲಿ, ಆ ಕೋಪದಲ್ಲಿ, ಆ ಜನರಿಗೆ ಹೇಳಬೇಕು ಅನ್ನಿಸಿದ್ದು ಒಂದೇ ಪದ. ಅದನ್ನೇ ಬರೆದೆ. ಎಸ್. ಐ. ಟಿ.

"ಯಾರು ಓದ್ತೀರಿ?" ಎಂದೆ.

ಗೌಸಿಯಾ ಅಪ್ಪನ ಕಾಲಿನ ಹಿಂದೆ ಸೇರಿಕೊಂಡಳು. ಚೈತ್ರ ಆಗಲೇ ಅಳುತ್ತಿದ್ದಳು. ದೊಡ್ಡವರು ಕೂಗಾಡುವ ಕೋಣೆಯಲ್ಲಿ ಯಾವ ಮಗು ಓದುತ್ತದೆ? ಆಗ ದೀಪು ಅಜ್ಜಿಯ ಕಂಕುಳಿಂದ ಜಾರಿ ಇಳಿದ.

ಬೋರ್ಡಿನ ಹತ್ತಿರ ಬಂದು ನಿಂತ. ನಾನು ಬೆನ್ನು ತಿರುಗಿಸಲು ಹೋದೆ. ಅಭ್ಯಾಸ. ಅವನು ನನ್ನ ಸೀರೆಯ ನೆರಿಗೆ ಹಿಡಿದುಕೊಂಡ. ತಿರುಗಲು ಬಿಡಲಿಲ್ಲ.

ಕೈ ಚಾಚಿ ದೋಸೆ ಹೊಯ್ದ. "ಸ್ಸ್." ಇಂಬಳ ಕಂಡು ಹಾರಿದ. "ಇ." ಬೆರಳು ಆಡಿಸಿದ. "ಟ್." ಹಿಂದೆ ಯಾರೋ ಕಿಸಕ್ಕನೆ ನಕ್ಕರು. ದೀಪು ಹುಬ್ಬು ಗಂಟಿಕ್ಕಿ ಮತ್ತೆ ಮೊದಲಿನಿಂದ ಶುರು ಮಾಡಿದ. ದೋಸೆ, ಇಂಬಳ, ಗಡಿಯಾರ. ಈ ಸಲ ದೋಸೆ ಪೂರ್ತಿ ಆಗುವ ಮೊದಲೇ ಇಂಬಳ ಹತ್ತಿತು. ಇನ್ನೊಮ್ಮೆ. ಈಗ ಹಾರಲೂ ಇಲ್ಲ, ಹಿಮ್ಮಡಿ ಮಾತ್ರ ಎತ್ತಿದ. ತುಟಿಯೊಳಗೆ ಏನೋ ಉರುಳಿಸಿ ನೋಡಿದ. ಹೇಳಿಕೊಡುವುದು ಸುಲಭವಿತ್ತು. ಹೇಳಿಕೊಡಲಿಲ್ಲ.

"ಸಿಟ್" ಎಂದ ದೀಪು.

ದೊಡ್ಡ ದನಿಯೇನಲ್ಲ. ಆದರೆ ಅಷ್ಟು ಹೊತ್ತಿಗೆ ಕೋಣೆ ಸುಮ್ಮನಾಗಿತ್ತು, ಎಲ್ಲರಿಗೂ ಕೇಳಿತು.

"ಹಂಗಂದ್ರೆ ಎಂತ ಟೀಚ್ರೇ?" ಎಂದರು ವನಜಮ್ಮ.

"ಕೂತ್ಕೊಳ್ಳಿ ಅಂತ" ಎಂದೆ.

ವನಜಮ್ಮ ಒಂದು ಗಳಿಗೆ ಮೊಮ್ಮಗನನ್ನೇ ನೋಡಿದರು. ಆಮೇಲೆ ಸೆರಗು ಹೊದ್ದು ನಿಂತಲ್ಲೇ ಚಾಪೆಯ ಮೇಲೆ ಕೂತುಬಿಟ್ಟರು. ನಾಗಪ್ಪನವರ ಪಂಚೆ ಜಗ್ಗಿ ಅವರನ್ನೂ ಕೂರಿಸಿದರು. "ಮಗು ಓದಿ ಹೇಳ್ತಲ್ಲ, ಕೇಳ್ಸಲ್ವ ನಿಮಗೆ? ಕೂತ್ಕೊಳ್ಳಿ ಮಾರಾಯ್ರೆ!"

ಯಾಕೂಬಣ್ಣ ಕೂತ. ಅವನ ಪಕ್ಕದವರು ಕೂತರು. ಒಬ್ಬೊಬ್ಬರೇ ಮೊಣಕಾಲು ಮಡಚಿದರು. ಅರುಣ ಸುತ್ತ ನೋಡಿ, ಪ್ಯಾಂಟಿನ ಇಸ್ತ್ರಿ ನೋಡಿ, ಮಗಳ ಪಕ್ಕ ಕೂತರು. ಕೊನೆಗೆ ಉಳಿದವರು ಮಂಜಯ್ಯನವರೊಬ್ಬರೇ. ಚಾಪೆಯಲ್ಲಿ ಜಾಗವಿರಲಿಲ್ಲ. ಒಂದು ಪುಟ್ಟ ಕೆಂಪು ಕುರ್ಚಿ ಎಳೆದು ಅದರಲ್ಲಿ ತಮ್ಮನ್ನು ತುರುಕಿಕೊಂಡರು. ಖಾಲಿ ಸೀಟು ಒಂದೂ ಇರಲಿಲ್ಲ.

ದೀಪು ಬೋರ್ಡು ನೋಡಿದ. ಕೂತ ಜನರನ್ನು ನೋಡಿದ. ಮತ್ತೆ ಬೋರ್ಡು ನೋಡಿದ. ತಾನು ಓದಿದ್ದಕ್ಕೇ ಅಜ್ಜ, ಚೈತ್ರಳ ಅಪ್ಪ, ಮಂಜಯ್ಯ ಸಾರ್ ಎಲ್ಲ ಕೂತರು ಎಂಬುದು ಅವನಿಗೆ ನಿಧಾನವಾಗಿ ಹೊಳೆಯಿತು. ಮುಖ ಇಷ್ಟಗಲವಾಯಿತು. ನನ್ನ ನೆರಿಗೆ ಜಗ್ಗಿ, ನೇರ ನನ್ನ ಮುಖ ನೋಡಿ ಹೇಳಿದ:

"ಮಿಸ್, ಇನ್ನೊಂದು ಬರೀರಿ."

ನನಗೆ ಬೋರ್ಡು ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು ಸೀಮೆಸುಣ್ಣ ಎತ್ತಿದೆ. ಚಾಪೆಯ ಮೇಲಿದ್ದವರೆಲ್ಲ ಮುಂದಿನ ಪದಕ್ಕೆ ಕಾಯುತ್ತಿದ್ದರು.